ಕೊನೆಯ ಇನ್ನೂರು ಮೀಟರು: ಸೈಕಲ್ ಪಂದ್ಯದಲ್ಲಿ ಗೆಲ್ಲುವವನು ಯಾರು?

ಸೈಕಲ್ಲು ತುಳಿಯಲು ಬಾರದವರು ನಮ್ಮ ವಾಚಕರಲ್ಲಿ ಬಹು ವಿರಳವೆಂದೇ ಹೇಳಬೇಕು. ಎದುರುಗಾಳಿಯಲ್ಲಿ ಸೈಕಲ್ಲು ಭಾರವಾಗುವುದನ್ನೂ, ಮುಂದೆ ಹೋಗುವವನ ಮರೆಯಲ್ಲಿ ಅದು ಹಗುರವಾಗುವುದನ್ನೂ ಎಲ್ಲರೂ ತಮ್ಮ ಕಾಲುಗಳಿಂದಲೇ ಬಲ್ಲರು. ಈ ಎರಡು ಸಾಮಾನ್ಯ ಅನುಭವಗಳಲ್ಲಿಯೇ ಜಗತ್ತಿನ ಅತ್ಯಂತ ಕಠಿನವಾದ ಕ್ರೀಡೆಗಳಲ್ಲೊಂದರ ರಹಸ್ಯವು ಅಡಗಿದೆಯೆಂಬುದನ್ನು ಮಾತ್ರ ಬಹುಮಂದಿ ಯೋಚಿಸಿರಲಾರರು.

2017ರ ಜುಲೈ ತಿಂಗಳಲ್ಲಿ ಟೂರ್ ಡಿ ಫ್ರಾನ್ಸ್ ಎಂಬ ಪ್ರಸಿದ್ಧ ಸೈಕಲ್ ಪಂದ್ಯದ ಏಳನೆಯ ಹಂತವು ಫ್ರಾನ್ಸ್ ದೇಶದ ನ್ಯುಯಿ ಸಾಂ ಜಾರ್ಜ್ ಎಂಬ ಊರಿನಲ್ಲಿ ಮುಗಿಯಿತು. ಆ ದಿನದ ದೂರ 213 ಕಿಲೋಮೀಟರು. ಹಿಡಿದ ಕಾಲ ಸುಮಾರು ಐದು ಗಂಟೆ. ಜರ್ಮನಿಯ ಮಾರ್ಸೆಲ್ ಕಿಟ್ಟೆಲ್ ಗೆದ್ದರು. ನಾರ್ವೆಯ ಎಡ್ವಾಲ್ಡ್ ಬೋಸನ್ ಹಾಗನ್ ಸೋತರು. ಇಬ್ಬರ ನಡುವಣ ಅಂತರ ಆರು ಮಿಲಿಮೀಟರು. ಕಾಲದಲ್ಲಿ ಹೇಳುವುದಾದರೆ ಒಂದು ಸೆಕೆಂಡಿನ ಹತ್ತುಸಾವಿರದಲ್ಲಿ ಮೂರು ಪಾಲು! ಕಣ್ಣು ಇದನ್ನು ಅಳೆಯಲಾರದು. ಛಾಯಾಚಿತ್ರವೇ ತೀರ್ಪು ಕೊಡಬೇಕಾಯಿತು.

ಇಂಥ ಪಂದ್ಯದಲ್ಲಿ ಗೆಲುವು ದೊರೆಯುವುದು ಏತರಿಂದ? ‘ಕಾಲಿನ ಬಲದಿಂದ’ ಎಂದು ಒಡನೆಯೇ ಉತ್ತರ ಹೇಳುವವರು ಹಲವರು. ಬಲವಿಲ್ಲದೆ ಗೆಲುವಿಲ್ಲವೆಂಬುದು ದಿಟ. ಆದರೆ ಎಲ್ಲರಿಗಿಂತ ಬಲಿಷ್ಠನೇ ಗೆಲ್ಲುವನೆಂಬುದು ದಿಟವಲ್ಲ. ಕೊನೆಯ ಇನ್ನೂರು ಮೀಟರುಗಳವರೆಗೆ ತನ್ನ ಶಕ್ತಿಯನ್ನು ಯಾರು ಮಿತವಾಗಿ ವೆಚ್ಚಮಾಡಿರುವನೋ, ಗಾಳಿಗೆ ಯಾರು ತಡವಾಗಿ ಮೈಯೊಡ್ಡುವನೋ, ಅವನಿಗೆ ಜಯವು ಒಲಿಯುವ ಸಂಭವ ಹೆಚ್ಚು. ಇದನ್ನು ಪ್ರೌಢಶಾಲೆಯಲ್ಲಿ ಕಲಿತ ಭೌತವಿಜ್ಞಾನದಿಂದಲೇ ತೋರಿಸಬಹುದು.

ಪಂದ್ಯದ ಸ್ವರೂಪ

ರಸ್ತೆಯ ಸೈಕಲ್ ಪಂದ್ಯಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಟು ಗಡಿಯಾರದೊಡನೆ ಸೆಣಸುತ್ತಾರೆ. ಬೆಂಗಳೂರಿನ ನವೀನ್ ಜಾನ್ ಅವರು 2016ರಲ್ಲಿ ಕತಾರಿನ ದೋಹಾದಲ್ಲಿ ನಡೆದ ವಿಶ್ವ ರಸ್ತೆ ಸೈಕಲ್ ಸ್ಪರ್ಧೆಯಲ್ಲಿ ಭಾರತದ ಪರವಾಗಿ ಪಾಲ್ಗೊಂಡುದು ಈ ಬಗೆಯ ಓಟದಲ್ಲಿ. ಇಲ್ಲಿ ಸವಾರನಿಗೆ ಯಾರ ಮರೆಯೂ ಇಲ್ಲ. ಒಂದೇ ಹದದಲ್ಲಿ ದೀರ್ಘಕಾಲ ದುಡಿಯಬಲ್ಲವನಿಗೆ ಗೆಲುವು. ಎರಡನೆಯ ಬಗೆಯಲ್ಲಿ ನೂರೈವತ್ತಕ್ಕೂ ಹೆಚ್ಚು ಮಂದಿ ಒಟ್ಟಿಗೆ ಹೊರಡುತ್ತಾರೆ. ಮೊದಲು ಗೆರೆ ದಾಟಿದವನು ಗೆದ್ದಂತೆ. ದಾರಿಯು ಸಮತಟ್ಟಾಗಿದ್ದರೆ ದೊಡ್ಡ ಗುಂಪು ಒಡೆಯದೆ ಕೊನೆಯವರೆಗೂ ಬರುತ್ತದೆ. ಆಗ ಕೊನೆಯ ಇನ್ನೂರು ಮುನ್ನೂರು ಮೀಟರುಗಳಲ್ಲಿ ಮಿಂಚಿನಂತೆ ಮುನ್ನುಗ್ಗಿ ಗೆಲ್ಲುವುದನ್ನೇ ವೃತ್ತಿಯಾಗಿ ಮಾಡಿಕೊಂಡ ಸವಾರರನ್ನು ಸ್ಪ್ರಿಂಟರ್ ಎಂದು ಕರೆಯುತ್ತಾರೆ. ಟೂರ್ ಡಿ ಫ್ರಾನ್ಸ್‌ನಲ್ಲಿ 1953ರಿಂದ ಕೊಡುತ್ತ ಬಂದಿರುವ ಹಸುರು ಅಂಗಿ ಬಹುಮಟ್ಟಿಗೆ ಇವರ ಪಾಲಿನದು.

ನಮ್ಮ ನಾಡಿನಲ್ಲಿ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳ ತವರೆಂದು ಹೆಸರಾಗಿವೆ. ಅಲ್ಲಿನ ಹಳ್ಳಿಗಳ ಹುಡುಗರೂ ಹುಡುಗಿಯರೂ ಕ್ರೀಡಾನಿಲಯಗಳಲ್ಲಿ ತರಬೇತು ಪಡೆದು ರಾಷ್ಟ್ರಮಟ್ಟದ ಪದಕಗಳನ್ನು ತಂದಿದ್ದಾರೆ. ಆದರೆ ನಾವು ಇಲ್ಲಿ ವಿವರಿಸಲಿರುವ ವೃತ್ತಿಪರ ಸ್ಪ್ರಿಂಟ್ ಓಟವು ಯೂರೋಪಿನ ರಸ್ತೆಗಳಲ್ಲಿ ಬೆಳೆದುದು. ಆ ರಸ್ತೆಗಳನ್ನು ಕಾಣದ ವಾಚಕರಿಗಾಗಿ ಓಟವನ್ನು ನಮ್ಮ ನೆಲಕ್ಕೇ ತಂದು ನೋಡೋಣ. ಹಾಸನದಿಂದ ಬೆಂಗಳೂರಿನ ಕಡೆಗೆ ಹನ್ನೆರಡು ಹದಿಮೂರು ಕಿಲೋಮೀಟರು ಹೋದರೆ ಶಾಂತಿಗ್ರಾಮ ಸಿಕ್ಕುತ್ತದೆ. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆಯ ಹೆಸರನ್ನು ಹೊತ್ತ ಊರು ಅದು. ಒಂದು ದೊಡ್ಡ ಪಂದ್ಯವು ಆ ಊರಿನ ಬಳಿ, ವಾಹನಗಳಿಲ್ಲದ ಸಮತಟ್ಟಾದ ರಸ್ತೆಯಲ್ಲಿ ಮುಗಿಯುವುದೆಂದು ಊಹಿಸಿಕೊಳ್ಳೋಣ. ನಮ್ಮ ಸವಾರನ ತೂಕ 72 ಕಿಲೋಗ್ರಾಂ, ಸೈಕಲ್ಲಿನದು 8 ಕಿಲೋಗ್ರಾಂ, ಒಟ್ಟು 80 ಆಗಿರಲಿ.

ಗಾಳಿಯೆಂಬ ಗೋಡೆ

ಸಮತಟ್ಟಾದ ರಸ್ತೆಯಲ್ಲಿ ಸವಾರನನ್ನು ತಡೆಯುವ ಬಲಗಳು ಮುಖ್ಯವಾಗಿ ಎರಡು. ಒಂದು, ಟೈರು ರಸ್ತೆಯ ಮೇಲೆ ಉರುಳುವಾಗ ಹುಟ್ಟುವ ಘರ್ಷಣೆ. ಒಳ್ಳೆಯ ಟೈರಿಗೆ ಇದು ಒಟ್ಟು ತೂಕದ ಸಾವಿರದಲ್ಲಿ ನಾಲ್ಕು ಪಾಲು, ಎಂದರೆ ನಮ್ಮ ಸವಾರನಿಗೆ ಸುಮಾರು 3 ನ್ಯೂಟನ್ ಮಾತ್ರ. ಎರಡನೆಯದು ವಾಯುರೋಧ. ಇದು ಗಾಳಿಯ ಸಾಂದ್ರತೆಯನ್ನೂ, ಸವಾರನು ಗಾಳಿಗೆ ಒಡ್ಡುವ ಮೈಯ ವಿಸ್ತಾರ ಮತ್ತು ಆಕಾರವನ್ನೂ, ವೇಗದ ವರ್ಗವನ್ನೂ ಅವಲಂಬಿಸಿದೆ. ಸಾಮರ್ಥ್ಯವೆಂದರೆ ಬಲವನ್ನು ವೇಗದಿಂದ ಗುಣಿಸಿದ ಲಬ್ಧ. ಆದುದರಿಂದ ಗಾಳಿಯನ್ನು ಸೀಳಲು ಬೇಕಾಗುವ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವು ಎರಡರಷ್ಟಾದರೆ ಸಾಮರ್ಥ್ಯವು ಎಂಟರಷ್ಟಾಗಬೇಕು!

ಸಂಖ್ಯೆಗಳಿಂದ ಇದು ಇನ್ನೂ ವಿಶದವಾಗುವುದು. ಸವಾರನ ವಿಸ್ತಾರ ಮತ್ತು ಆಕಾರ ಎರಡನ್ನೂ ಸೇರಿಸಿ ಹೇಳುವ ಪರಿಣಾಮಕಾರಿ ವಿಸ್ತಾರವು 0.3 ಚದರ ಮೀಟರು ಎಂದಿಟ್ಟುಕೊಳ್ಳೋಣ. ಸಮುದ್ರಮಟ್ಟದಲ್ಲಿ 20 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಘನಮೀಟರು ಗಾಳಿಯ ತೂಕ ಸುಮಾರು 1.2 ಕಿಲೋಗ್ರಾಂ. ಸೆಕೆಂಡಿಗೆ 10 ಮೀಟರು, ಎಂದರೆ ಗಂಟೆಗೆ 36 ಕಿಲೋಮೀಟರು ವೇಗಕ್ಕೆ ಗಾಳಿಗೆಂದು 180 ವಾಟ್, ಉರುಳುವ ಘರ್ಷಣೆಗೆಂದು 31 ವಾಟ್ ಬೇಕು. ಸೆಕೆಂಡಿಗೆ 18 ಮೀಟರು, ಎಂದರೆ ಗಂಟೆಗೆ 65 ಕಿಲೋಮೀಟರು ವೇಗಕ್ಕೆ ಗಾಳಿಗೆ 1050, ಘರ್ಷಣೆಗೆ 56, ಒಟ್ಟು ಸುಮಾರು 1100 ವಾಟ್ ಬೇಕು. ತೋಟದ ಬಾವಿಯ ಮೇಲಿನ ಒಂದೂವರೆ ಅಶ್ವಸಾಮರ್ಥ್ಯದ ಪಂಪು ಮಾಡುವ ಕೆಲಸ ಇದು. ಮನುಷ್ಯನೊಬ್ಬನು ಇದನ್ನು ಕೆಲವೇ ಸೆಕೆಂಡುಗಳ ಕಾಲವಾದರೂ ತನ್ನ ಎರಡು ಕಾಲುಗಳಿಂದ ಮಾಡುತ್ತಾನೆಂಬುದು ಅಚ್ಚರಿಯ ಸಂಗತಿಯಲ್ಲವೆ?

ಶಾಂತಿಗ್ರಾಮದಲ್ಲಿ ಲೆಕ್ಕವು ತುಸು ಬದಲಾಗುತ್ತದೆ. ಹಾಸನದ ಸೀಮೆಯು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿಯು ತೆಳು. ಅದೇ ಉಷ್ಣತೆಯಲ್ಲಿ ಘನಮೀಟರಿಗೆ ಸುಮಾರು 1.08 ಕಿಲೋಗ್ರಾಂ. ಗಂಟೆಗೆ 65 ಕಿಲೋಮೀಟರು ವೇಗಕ್ಕೆ ಅಲ್ಲಿ ಸುಮಾರು 1000 ವಾಟ್ ಸಾಕು. ಮಂಗಳೂರಿನ ಕಡಲತೀರದಲ್ಲಿ ಓಡುವವನಿಗಿಂತ ಶಾಂತಿಗ್ರಾಮದಲ್ಲಿ ಓಡುವವನಿಗೆ ನೂರು ವಾಟ್ ಉಳಿತಾಯ. ಆದರೆ ಈ ಉಳಿತಾಯವು ಎದುರಾಳಿಗೂ ಅಷ್ಟೇ ದೊರೆಯುವುದರಿಂದ ಗೆಲುವಿಗೆ ಅದು ಕಾರಣವಾಗಲಾರದು.

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಸೆಕೆಂಡಿಗೆ 18 ಮೀಟರಿನಿಂದ 19 ಮೀಟರಿಗೆ ವೇಗವನ್ನು ಏರಿಸಬೇಕಾದರೆ ವೇಗದಲ್ಲಿ ಹೆಚ್ಚಳವು ನೂರಕ್ಕೆ ಐದೂವರೆಯಾದರೂ ಸಾಮರ್ಥ್ಯದಲ್ಲಿ ಹೆಚ್ಚಳವು ನೂರಕ್ಕೆ ಹದಿನೇಳರಷ್ಟು. ಕಾಲಿನ ಬಲವನ್ನು ಹೆಚ್ಚಿಸಿಕೊಂಡು ವೇಗವನ್ನು ಪಡೆಯುವುದು ಇಷ್ಟು ದುಬಾರಿಯಾದ ವ್ಯಾಪಾರ. ಆದುದರಿಂದಲೇ ಜಾಣನಾದ ಸವಾರನು ಗಾಳಿಯ ಪಾಲನ್ನು ಕಡಿಮೆಮಾಡುವ ಮಾರ್ಗವನ್ನು ಮೊದಲು ಹುಡುಕುತ್ತಾನೆ.

ಮರೆಯ ಮಹಿಮೆ

ಮುಂದಿನ ಸವಾರನು ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅವನ ಬೆನ್ನ ಹಿಂದೆ ಕಡಿಮೆ ಒತ್ತಡದ, ಸುಳಿಗಳಿಂದ ಕೂಡಿದ ಗಾಳಿಯ ಬಾಲವೊಂದು ಉಂಟಾಗುತ್ತದೆ. ಆ ಗಾಳಿಯು ಅವನೊಡನೆಯೇ ಸ್ವಲ್ಪಮಟ್ಟಿಗೆ ಮುಂದಕ್ಕೆ ಸಾಗುತ್ತಿರುವುದು. ಅದರೊಳಗೆ ಹೊಕ್ಕ ಹಿಂದಿನ ಸವಾರನಿಗೆ ವಾಯುರೋಧವು ಬಹಳ ಕಡಿಮೆ. ದೊಡ್ಡ ಗುಂಪಿನ ನಡುವೆ ಈ ಲಾಭವು ನಂಬಲಾರದಷ್ಟು ಹೆಚ್ಚು. ಹಾಲೆಂಡಿನ ಐಂಡ್‌ಹೋವನ್ ವಿಶ್ವವಿದ್ಯಾನಿಲಯದ ಬರ್ಟ್ ಬ್ಲಾಕನ್ ಮತ್ತು ಅವರ ಸಂಗಡಿಗರು 121 ಸವಾರರ ಗುಂಪನ್ನು ಕುರಿತು ನಡೆಸಿದ ಅಧ್ಯಯನವು 2018ರಲ್ಲಿ ಪ್ರಕಟವಾಯಿತು. ಗುಂಪಿನ ಹಿಂಭಾಗದ ನಡುವೆ ಇರುವವನಿಗೆ ತಗಲುವ ವಾಯುರೋಧವು ಒಂಟಿ ಸವಾರನಿಗೆ ತಗಲುವುದರ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ ಎಂದು ಅವರು ಕಂಡುಕೊಂಡರು. ಒಳ್ಳೆಯ ಸ್ಪ್ರಿಂಟರ್ ನಾಲ್ಕು ಐದು ಗಂಟೆಗಳ ಕಾಲ ಎಲ್ಲಿ ಅಡಗಿರುತ್ತಾನೆಂಬುದಕ್ಕೆ ಇದೇ ಉತ್ತರ.

ಆದರೆ ಗುಂಪಿನ ನಡುವೆ ಕುಳಿತವನು ಗೆಲ್ಲಲಾರ. ಅವನು ಮುಂದಕ್ಕೂ ಬರಬೇಕು, ಮರೆಯನ್ನೂ ಬಿಡಬಾರದು. ಈ ಎರಡು ವಿರುದ್ಧ ಬಯಕೆಗಳನ್ನು ಹೊಂದಿಸುವುದಕ್ಕೆ ತಂಡವು ಒಂದು ಸಾಲನ್ನು ಕಟ್ಟುತ್ತದೆ. ಮೂರು ನಾಲ್ಕು ಮಂದಿ ಸಂಗಡಿಗರು ಒಬ್ಬರ ಹಿಂದೊಬ್ಬರು ರೈಲಿನ ಡಬ್ಬಿಗಳಂತೆ ಓಡುತ್ತಾರೆ. ಸ್ಪ್ರಿಂಟರ್ ಕೊನೆಯ ಡಬ್ಬಿ. ಮುಂದಿನವನು ತನ್ನ ಶಕ್ತಿಯೆಲ್ಲ ತೀರುವವರೆಗೆ ಎಳೆದು ಬದಿಗೆ ಸರಿಯುತ್ತಾನೆ. ಅವನ ಹಿಂದಿನವನು ಎಳೆತವನ್ನು ವಹಿಸಿಕೊಳ್ಳುತ್ತಾನೆ. 2009ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ ಪ್ಯಾರಿಸ್ಸಿನಲ್ಲಿ ಬ್ರಿಟನ್ನಿನ ಮಾರ್ಕ್ ಕ್ಯಾವೆಂಡಿಷ್ ಗೆದ್ದರು. ಎರಡನೆಯವರಾಗಿ ಗೆರೆ ದಾಟಿದವರು ಅವರನ್ನು ಕೊನೆಯವರೆಗೆ ಎಳೆದು ತಂದ ಸಂಗಡಿಗರಾದ ಮಾರ್ಕ್ ರೆನ್‌ಷಾ ಅವರೇ. ಸಾಲು ಚೆನ್ನಾಗಿ ಕಟ್ಟಿದಾಗ ಏನಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಈ ಸಾಲಿನಿಂದ ಆಗುವ ಲಾಭ ಎರಡು ತೆರನಾದುದು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಸಮುದ್ರಮಟ್ಟದಲ್ಲಿ ಎಳೆಯುವವನಿಗೆ ಸುಮಾರು 890 ವಾಟ್ ಬೇಕು. ಹಿಂದಿರುವವನಿಗೆ ವಾಯುರೋಧವು ಐದರಲ್ಲಿ ಎರಡು ಪಾಲು ಕಡಿಮೆಯಾಯಿತೆಂದು ಎಣಿಸಿದರೆ ಸುಮಾರು 555 ವಾಟ್ ಸಾಕು. ಇದು ಮೊದಲನೆಯ ಲಾಭ. ಎರಡನೆಯದು ಚಲನಶಕ್ತಿಗೆ ಸಂಬಂಧಪಟ್ಟದ್ದು. 80 ಕಿಲೋಗ್ರಾಮಿನ ಸವಾರನು ಸೆಕೆಂಡಿಗೆ 15 ಮೀಟರು ವೇಗದಿಂದ 18 ಮೀಟರಿಗೆ ಏರಬೇಕಾದರೆ 3960 ಜೂಲ್ ಶಕ್ತಿಯನ್ನು ಹೊಸದಾಗಿ ಗಳಿಸಬೇಕು. ಸಾಲು ಅವನನ್ನು ಮೊದಲೇ 17 ಮೀಟರಿಗೆ ತಂದು ಬಿಟ್ಟಿದ್ದರೆ 1400 ಜೂಲ್ ಸಾಕು. ಇದನ್ನು ನಾಲ್ಕು ಸೆಕೆಂಡುಗಳಲ್ಲಿ ಗಳಿಸುವುದಾದರೆ ಮೊದಲನೆಯವನಿಗೆ ಗಾಳಿಯ ತೆರಿಗೆಯಲ್ಲದೆ ಇನ್ನೂ ಸುಮಾರು 1000 ವಾಟ್ ಬೇಕು. ಎರಡನೆಯವನಿಗೆ 350 ವಾಟ್. ಕಾಲುಗಳು ಸಮಾನವಾಗಿದ್ದರೂ ಗೆಲ್ಲುವವನು ಯಾರೆಂಬುದು ಇಲ್ಲಿಯೇ ಗೊತ್ತಾಗುವುದು.

ಹನ್ನೆರಡು ಸೆಕೆಂಡಿನ ಉಗ್ರಾಣ

ಸೆಕೆಂಡಿಗೆ 18 ಮೀಟರು ವೇಗದಲ್ಲಿ ಇನ್ನೂರು ಮೀಟರು ಓಡಲು ಸುಮಾರು 11 ಸೆಕೆಂಡು ಸಾಕು. ಸವಾರನು ಇನ್ನೂರು ಮೀಟರನ್ನೇ ಏಕೆ ಆರಿಸಿಕೊಳ್ಳುತ್ತಾನೆ? ಇದಕ್ಕೆ ಕಾರಣವು ಸ್ನಾಯುಗಳ ರಸಾಯನದಲ್ಲಿದೆ.

ಸ್ನಾಯುವಿಗೆ ನೇರವಾಗಿ ಶಕ್ತಿ ಕೊಡುವ ಪದಾರ್ಥ ಎಟಿಪಿ. ಅದರ ಸಂಗ್ರಹವು ಒಂದೆರಡು ಸೆಕೆಂಡುಗಳ ತೀವ್ರ ದುಡಿಮೆಗೆ ಮಾತ್ರ ಸಾಕಾಗುವಷ್ಟು. ಅದನ್ನು ಒಡನೆಯೇ ಮತ್ತೆ ತುಂಬುವುದು ಕ್ರಿಯಾಟಿನ್ ಫಾಸ್ಫೇಟ್ ಎಂಬ ಇನ್ನೊಂದು ಪದಾರ್ಥ. ಇದೂ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಬಹುಮಟ್ಟಿಗೆ ಬರಿದಾಗುತ್ತದೆ. ಆಮ್ಲಜನಕದ ನೆರವಿಲ್ಲದೆ ಸಕ್ಕರೆಯನ್ನು ಒಡೆದು ಶಕ್ತಿ ಪಡೆಯುವ ಮಾರ್ಗವೂ ಇದೆ. ಅದರಿಂದ ದೊರೆಯುವ ಸಾಮರ್ಥ್ಯ ಕಡಿಮೆ. ಆಮ್ಲಜನಕವನ್ನು ಬಳಸುವ ಮಾರ್ಗವು ಗಂಟೆಗಟ್ಟಲೆ ನಡೆಯಬಲ್ಲದಾದರೂ ಅದರ ಸಾಮರ್ಥ್ಯ ಇನ್ನೂ ಕಡಿಮೆ. ಒಂದನ್ನು ಕೈಯಲ್ಲಿರುವ ನಗದಿಗೂ, ಇನ್ನೊಂದನ್ನು ಪೆಟ್ಟಿಗೆಯಲ್ಲಿರುವ ಹಣಕ್ಕೂ, ಮತ್ತೊಂದನ್ನು ಜಮೀನಿನಿಂದ ಬರುವ ವರಮಾನಕ್ಕೂ ಹೋಲಿಸಬಹುದು. ಮುನ್ನೂರು ಮೀಟರು ಇರುವಾಗಲೇ ನುಗ್ಗಿದವನಿಗೆ ಸುಮಾರು ಹದಿನೇಳು ಸೆಕೆಂಡು ಬೇಕು. ಅವನ ನಗದು ಗೆರೆಗೆ ಮುಂಚೆಯೇ ಮುಗಿದಿರುತ್ತದೆ.

ಸ್ನಾಯುಗಳಲ್ಲಿ ಮಂದವಾಗಿ ಆದರೆ ದಣಿಯದೆ ದುಡಿಯುವ ತಂತುಗಳೂ, ಶೀಘ್ರವಾಗಿ ದುಡಿದು ಬೇಗ ದಣಿಯುವ ತಂತುಗಳೂ ಇವೆ. ಎರಡನೆಯ ಬಗೆಯವು ಹೆಚ್ಚಾಗಿರುವುದು ಸ್ಪ್ರಿಂಟರ್‌ಗೆ ಅನುಕೂಲ. ಈ ಪ್ರಮಾಣದಲ್ಲಿ ಹುಟ್ಟಿನ ಪಾಲು ದೊಡ್ಡದು. ಅಭ್ಯಾಸದಿಂದ ತಂತುಗಳನ್ನು ದಪ್ಪಗೊಳಿಸಬಹುದು, ಅವುಗಳನ್ನು ಒಟ್ಟಿಗೆ ದುಡಿಸುವ ನರಗಳನ್ನು ಪಳಗಿಸಬಹುದು. ಆದರೂ ವಿಶ್ರಾಂತಿ ಪಡೆದ ಬೆಳಗಿನಲ್ಲಿ ಯಾರು ಎಷ್ಟು ವಾಟ್ ತೋರಿಸಬಲ್ಲರೆಂಬುದು ಇಲ್ಲಿ ಮುಖ್ಯವಲ್ಲ. ಇನ್ನೂರು ಕಿಲೋಮೀಟರು ತುಳಿದ ಮೇಲೆ ಎಷ್ಟು ಉಳಿದಿದೆಯೆಂಬುದು ಮುಖ್ಯ. ಓಟದ ಮೈದಾನದ ನೂರು ಮೀಟರು ವೀರನಿಗೂ ರಸ್ತೆಯ ಸ್ಪ್ರಿಂಟರ್‌ಗೂ ಇರುವ ವ್ಯತ್ಯಾಸವೇ ಇದು.

ಭಾರಿ ದೇಹ, ಕಿರಿ ದೇಹ

ಮೊದಲು ಹೇಳಿದ ಕಿಟ್ಟೆಲ್ 188 ಸೆಂಟಿಮೀಟರು ಎತ್ತರದ, ಎಂಬತ್ತೈದು ಕಿಲೋಗ್ರಾಂ ಆಸುಪಾಸಿನ ಭಾರಿ ಆಳು. ಅವರು ಟೂರ್ ಡಿ ಫ್ರಾನ್ಸ್‌ನಲ್ಲಿ 14 ಹಂತಗಳನ್ನು ಗೆದ್ದರು. ಕ್ಯಾವೆಂಡಿಷ್ ಅವರ ಎತ್ತರ 175 ಸೆಂಟಿಮೀಟರು; ತೂಕ ಸುಮಾರು 70 ಕಿಲೋಗ್ರಾಂ. ಅವರು 2008ರಲ್ಲಿ ಗೆಲ್ಲಲು ಆರಂಭಿಸಿ 2024ರ ಜುಲೈ 3ರಂದು ತಮ್ಮ 35ನೆಯ ಹಂತವನ್ನು ಗೆದ್ದು, ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್ ಅವರ 34 ಗೆಲುವುಗಳ ದಾಖಲೆಯನ್ನು ಮೀರಿದರು. ಆಸ್ಟ್ರೇಲಿಯದ ಕೇಲೆಬ್ ಯೂವನ್ ಅವರಂತೂ 165 ಸೆಂಟಿಮೀಟರು ಎತ್ತರದವರು. ತಲೆಯನ್ನು ಮುಂಗಾಲಿಯ ಮೇಲಕ್ಕೆ ಚಾಚಿ, ಬೆನ್ನನ್ನು ಚಪ್ಪಟೆಮಾಡಿ ಓಡುವ ರೀತಿಯಿಂದ ಐದು ಹಂತಗಳನ್ನು ಗೆದ್ದವರು.

ದೇಹ ಚಿಕ್ಕದಾದರೂ ಗೆಲುವು ಹೇಗೆ? ನಮ್ಮ ಲೆಕ್ಕಕ್ಕೆ ಹಿಂದಿರುಗೋಣ. ಪರಿಣಾಮಕಾರಿ ವಿಸ್ತಾರವನ್ನು 0.3ರಿಂದ 0.25 ಚದರ ಮೀಟರಿಗೆ ಇಳಿಸಿದರೆ ಸಮುದ್ರಮಟ್ಟದಲ್ಲಿ ಗಂಟೆಗೆ 65 ಕಿಲೋಮೀಟರು ವೇಗಕ್ಕೆ 1100ರ ಬದಲು 930 ವಾಟ್ ಸಾಕು. ಬಾಗಿದ ಬೆನ್ನು ನೂರೆಪ್ಪತ್ತು ವಾಟುಗಳನ್ನು ಸಂಪಾದಿಸಿಕೊಟ್ಟಿತು! ಇಷ್ಟನ್ನು ಕಾಲಿನ ಬಲದಿಂದ ಸಂಪಾದಿಸಬೇಕಾದರೆ ಹಲವು ವರ್ಷಗಳ ಅಭ್ಯಾಸವೂ ಸಾಲದಿರಬಹುದು.

ಭಾರಿ ದೇಹಕ್ಕೆ ಇನ್ನೊಂದು ಸಂಕಟವಿದೆ. ಮೂರು ವಾರಗಳ ಪಂದ್ಯದಲ್ಲಿ ಸಮತಟ್ಟಾದ ದಾರಿಯಷ್ಟೇ ಅಲ್ಲದೆ ಬೆಟ್ಟಗಳೂ ಬರುತ್ತವೆ. ಸಾವಿರ ಮೀಟರು ಎತ್ತರ ಏರಲು ನಮ್ಮ 80 ಕಿಲೋಗ್ರಾಮಿನ ಸವಾರನು ಗುರುತ್ವಕ್ಕೆ ವಿರುದ್ಧವಾಗಿ ಸುಮಾರು 784 ಕಿಲೋಜೂಲ್ ಕೆಲಸ ಮಾಡಬೇಕು. ಸೈಕಲ್ಲೂ ಸೇರಿ 68 ಕಿಲೋಗ್ರಾಮಿರುವ ಬೆಟ್ಟದ ಸವಾರನಿಗೆ 666 ಸಾಕು. ಗೆದ್ದವನು ಬಂದ ಮೇಲೆ ಗೊತ್ತಾದ ಕಾಲದೊಳಗೆ ಗೆರೆ ದಾಟದವರನ್ನು ಪಂದ್ಯದಿಂದಲೇ ಕಳುಹಿಸಿಬಿಡುತ್ತಾರೆ. 2018ರಲ್ಲಿ ಆಲ್ಪ್ಸ್ ಪರ್ವತದ ಲಾ ರೊಸಿಯೇರ್‌ಗೆ ಏರುವ ಹಂತದಲ್ಲಿ ಕ್ಯಾವೆಂಡಿಷ್, ಕಿಟ್ಟೆಲ್ ಇಬ್ಬರೂ ಹೀಗೆಯೇ ಹೊರಬಿದ್ದರು. ಆದುದರಿಂದ ತೊಡೆಯ ಸ್ನಾಯುವನ್ನು ಬೆಳೆಸುವಾಗ ಅದನ್ನು ಬೆಟ್ಟದ ಮೇಲಕ್ಕೂ ಹೊರಬೇಕೆಂಬ ವಿವೇಕವಿರಬೇಕು.

ಗೇರು ಮತ್ತು ತೋಳು

ಪಂದ್ಯದ ಸೈಕಲ್ಲಿನ ಮುಂದಿನ ಹಲ್ಲುಚಕ್ರದಲ್ಲಿ 54, ಹಿಂದಿನದರಲ್ಲಿ 11 ಹಲ್ಲುಗಳಿದ್ದರೆ, ಪೆಡಲು ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿಯು 4.9 ಸುತ್ತು ತಿರುಗುವುದು. ಗಾಲಿಯ ಸುತ್ತಳತೆ 2.1 ಮೀಟರಾದರೆ ಸೈಕಲ್ಲು 10.3 ಮೀಟರು ಮುಂದೆ ಹೋಗುವುದು. ಗಂಟೆಗೆ 65 ಕಿಲೋಮೀಟರು ವೇಗಕ್ಕೆ ನಿಮಿಷಕ್ಕೆ 105 ಸುತ್ತು ತುಳಿಯಬೇಕು. ಪೆಡಲಿನ ತೋಳು 17 ಸೆಂಟಿಮೀಟರಿದ್ದರೆ ಪಾದವು ಸೆಕೆಂಡಿಗೆ 1.87 ಮೀಟರು ವೇಗದಲ್ಲಿ ಸುತ್ತುತ್ತಿರುವುದು. 1000 ವಾಟನ್ನು ಈ ವೇಗದಿಂದ ಭಾಗಿಸಿದರೆ ಸರಾಸರಿ ಬಲವು 535 ನ್ಯೂಟನ್ ಎಂದಾಗುತ್ತದೆ. ಒತ್ತಿ ತುಳಿಯುವ ಕ್ಷಣದಲ್ಲಿ ಇದು ಸರಾಸರಿಗಿಂತ ಬಹಳ ಹೆಚ್ಚಿ, ಸವಾರನ ತೂಕವಾದ 706 ನ್ಯೂಟನ್ನನ್ನೂ ಮೀರುವುದುಂಟು. ತೂಕಕ್ಕಿಂತ ಹೆಚ್ಚಾಗಿ ಒತ್ತಿದರೆ ದೇಹವೇ ಮೇಲಕ್ಕೆ ಏಳಬೇಕಷ್ಟೆ? ಅದನ್ನು ತಡೆಯಲು ಸವಾರನು ಹ್ಯಾಂಡಲನ್ನು ತೋಳುಗಳಿಂದ ಮೇಲಕ್ಕೆ ಎಳೆಯುತ್ತಾನೆ. ಸ್ಪ್ರಿಂಟ್ ಓಟದಲ್ಲಿ ಸೈಕಲ್ಲು ಎಡಕ್ಕೂ ಬಲಕ್ಕೂ ತೂಗಾಡುವುದನ್ನು ನೋಡಿದವರು ಇದರ ಕಾರಣವನ್ನು ಈಗ ಊಹಿಸಬಹುದು.

ಗಾಳಿ ಬೀಸುವ ದಿಕ್ಕು

ಆಷಾಢದಲ್ಲಿ ಹಾಸನದ ಬಯಲಿನ ಮೇಲೆ ಪಡುವಣ ಗಾಳಿ ಬೀಸುವುದನ್ನು ಆ ಸೀಮೆಯ ವಾಚಕರು ಬಲ್ಲರು. ಹಾಸನದ ಕಡೆಯಿಂದ ಬಂದು ಶಾಂತಿಗ್ರಾಮದಲ್ಲಿ ಮುಗಿಯುವ ಓಟಕ್ಕೆ ಅದು ಬೆನ್ನುಗಾಳಿ. ಚನ್ನರಾಯಪಟ್ಟಣದ ಕಡೆಯಿಂದ ಬಂದರೆ ಎದುರುಗಾಳಿ. ಗಾಳಿಯ ವೇಗವು ಸೆಕೆಂಡಿಗೆ 3 ಮೀಟರು ಮಾತ್ರವೆಂದು ಭಾವಿಸೋಣ. ಅದೇ ಸಾವಿರ ವಾಟುಗಳಿಂದ ಸವಾರನು ಗಾಳಿಯಿಲ್ಲದಾಗ ಗಂಟೆಗೆ 65, ಎದುರುಗಾಳಿಯಲ್ಲಿ 58, ಬೆನ್ನುಗಾಳಿಯಲ್ಲಿ 72 ಕಿಲೋಮೀಟರು ವೇಗವನ್ನು ಪಡೆಯುತ್ತಾನೆ. ಇನ್ನೂರು ಮೀಟರಿಗೆ ಕ್ರಮವಾಗಿ ಸುಮಾರು 11, ಹನ್ನೆರಡೂವರೆ, 10 ಸೆಕೆಂಡು ಬೇಕು.

ಇದರಿಂದ ಯುದ್ಧತಂತ್ರವೇ ಬದಲಾಗುವುದು. ಎದುರುಗಾಳಿಯಲ್ಲಿ ಮರೆಯ ಬೆಲೆ ಹೆಚ್ಚು, ಒಂಟಿಯಾಗಿ ಕಳೆಯಬೇಕಾದ ಕಾಲವೂ ಹೆಚ್ಚು. ಆದುದರಿಂದ ಅಲ್ಲಿ ತಡಮಾಡಿ, ಕೊನೆಯ ನೂರೈವತ್ತು ಮೀಟರುಗಳಲ್ಲಿ ಹೊರಬರುವುದು ಲೇಸು. ಬೆನ್ನುಗಾಳಿಯಲ್ಲಿ ಮರೆಯ ಬೆಲೆ ಕಡಿಮೆ. ಮೊದಲು ನುಗ್ಗಿದವನನ್ನು ಹಿಂದಿನವರು ಹಿಡಿಯುವುದು ಕಷ್ಟ. ಕಾಲುಗಳು ಎಷ್ಟೇ ಬಲವಾಗಿದ್ದರೂ ಈ ವ್ಯತ್ಯಾಸವನ್ನು ಅರಿಯದವನು ಸೋಲುತ್ತಾನೆ. ಒಳ್ಳೆಯ ಸ್ಪ್ರಿಂಟರ್ ಆದವನು ದಾರಿಬದಿಯ ಮರದ ಎಲೆಗಳನ್ನೂ ಧ್ವಜಗಳನ್ನೂ ನೋಡಿ ಗಾಳಿಯನ್ನು ಅಳೆಯಬಲ್ಲನು. ಕೊನೆಯ ತಿರುವು ಗೆರೆಯಿಂದ ಎಷ್ಟು ದೂರದಲ್ಲಿದೆಯೆಂಬುದನ್ನು ಮೊದಲೇ ತಿಳಿದಿರುವನು. ಯಾರ ಹಿಂದಿನ ಚಕ್ರವನ್ನು ಹಿಡಿದರೆ ಲಾಭವೆಂಬುದನ್ನು ಅರೆಕ್ಷಣದಲ್ಲಿ ನಿರ್ಧರಿಸುವನು.

ಕೊನೆಯ ಗೇಣು

ಗೆರೆ ಸಮೀಪಿಸಿದಾಗ ಸವಾರರು ತೋಳುಗಳನ್ನು ನೀಳವಾಗಿ ಚಾಚಿ ಸೈಕಲ್ಲನ್ನು ಮುಂದಕ್ಕೆ ತಳ್ಳುವುದನ್ನು ಚಿತ್ರಗಳಲ್ಲಿ ಕಾಣಬಹುದು. ನಿಯಮದಂತೆ ಗೆರೆಯನ್ನು ಮೊದಲು ಮುಟ್ಟಬೇಕಾದುದು ಮುಂದಿನ ಟೈರು, ಸವಾರನ ಎದೆಯಲ್ಲ. ಈ ತಳ್ಳಿಕೆಯಿಂದ ಸೈಕಲ್ಲೂ ಸವಾರನೂ ಸೇರಿದ ಒಟ್ಟು ಗುರುತ್ವಕೇಂದ್ರದ ಚಲನೆ ಬದಲಾಗುವುದಿಲ್ಲ, ಏಕೆಂದರೆ ಅದು ಒಳಗಿನ ಬಲ. ದೇಹಕ್ಕೆ ಹೋಲಿಸಿದರೆ ಸೈಕಲ್ಲು 40 ಸೆಂಟಿಮೀಟರು ಮುಂದೆ ಹೋಯಿತೆನ್ನೋಣ. ಅದರಲ್ಲಿ 72 ಕಿಲೋಗ್ರಾಮಿನ ದೇಹವು ಹಿಂದೆ ಸರಿಯುವುದು 4 ಸೆಂಟಿಮೀಟರು; 8 ಕಿಲೋಗ್ರಾಮಿನ ಸೈಕಲ್ಲು ಮುಂದೆ ಹೋಗುವುದು 36 ಸೆಂಟಿಮೀಟರು. ಹಗುರವಾದುದೇ ಹೆಚ್ಚು ಚಲಿಸುವುದೆಂಬ ಸಂವೇಗದ ನಿಯಮಕ್ಕೆ ಇದೊಂದು ಸೊಗಸಾದ ನಿದರ್ಶನ. ಕಿಟ್ಟೆಲ್ ಗೆದ್ದುದು ಆರು ಮಿಲಿಮೀಟರಿನಿಂದ. ಈ ತಳ್ಳಿಕೆಯ ಬೆಲೆ ಅದರ ಅರುವತ್ತರಷ್ಟು! ಆದರೆ ಇದನ್ನು ಸರಿಯಾದ ಕ್ಷಣದಲ್ಲಿ ಮಾಡಬೇಕು; ಬೇಗ ತಳ್ಳಿದರೆ ಗೆರೆ ಬರುವ ಮೊದಲೇ ಸೈಕಲ್ಲು ಮತ್ತೆ ಹಿಂದಕ್ಕೆ ಬರುವುದು.

ಮರೆಯ ಅಪಾಯ

ಮರೆಯ ಲಾಭವನ್ನು ಇಷ್ಟು ಹೊಗಳಿದ ಮೇಲೆ ಅದರ ಅಪಾಯವನ್ನೂ ಹೇಳುವುದು ನಮ್ಮ ಕರ್ತವ್ಯ. 2020ರ ಆಗಸ್ಟಿನಲ್ಲಿ ಪೋಲೆಂಡಿನ ಕಾಟೊವಿಟ್ಸೆಯಲ್ಲಿ ಇಳಿಜಾರಿನ ಕೊನೆಯ ಓಟದಲ್ಲಿ ಒಬ್ಬ ಸವಾರನು ತನ್ನ ನೇರದ ದಾರಿಯನ್ನು ಬಿಟ್ಟು ಬದಿಗೆ ಸರಿದುದರಿಂದ ಹಾಲೆಂಡಿನ ಫ್ಯಾಬಿಯೊ ಯಾಕಬ್ಸನ್ ಬೇಲಿಗೆ ಅಪ್ಪಳಿಸಿ ಪ್ರಾಣಾಪಾಯಕ್ಕೆ ಸಿಲುಕಿದರು. ಅವರು ಚೇತರಿಸಿಕೊಂಡು 2022ರಲ್ಲಿ ಟೂರ್ ಡಿ ಫ್ರಾನ್ಸ್‌ನ ಹಂತವೊಂದನ್ನು ಗೆದ್ದುದು ಧೈರ್ಯದ ಕಥೆ. ಆದರೆ ಕೊನೆಯ ಓಟದಲ್ಲಿ ನೇರವಾಗಿ ಓಡಬೇಕೆಂಬ ನಿಯಮವು ಏಕೆ ಇಷ್ಟು ಕಟ್ಟುನಿಟ್ಟೆಂಬುದನ್ನು ಆ ದಿನವು ಎಲ್ಲರಿಗೂ ತೋರಿಸಿತು.

ನಮ್ಮ ಹೆದ್ದಾರಿಗಳಲ್ಲಿ ಲಾರಿ ಬಸ್ಸುಗಳ ಬೆನ್ನಿಗೆ ಅಂಟಿಕೊಂಡು ಸೈಕಲ್ಲು ತುಳಿಯುವ ಚಪಲ ಕೆಲವು ಹುಡುಗರಿಗೆ ಇರುತ್ತದೆ. ಇದರ ಲೆಕ್ಕವನ್ನು ನೋಡೋಣ. ಲಾರಿಗೂ ಸೈಕಲ್ಲಿಗೂ ನಡುವೆ 2 ಮೀಟರು ಅಂತರ. ಲಾರಿಯವನು ಬ್ರೇಕು ಒತ್ತಿದಾಗ ಅದರ ವೇಗವು ಪ್ರತಿ ಸೆಕೆಂಡಿಗೂ 5 ಮೀಟರಿನಂತೆ ಕುಗ್ಗುತ್ತದೆ ಎನ್ನೋಣ. ಸವಾರನು ಎಚ್ಚೆತ್ತು ತನ್ನ ಬ್ರೇಕನ್ನು ಹಿಡಿಯಲು ಮುಕ್ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಅಂತರವು 1.4 ಮೀಟರು ಕುಗ್ಗಿ 60 ಸೆಂಟಿಮೀಟರು ಮಾತ್ರ ಉಳಿದಿರುತ್ತದೆ. ಲಾರಿಯ ವೇಗವು ಸೈಕಲ್ಲಿನದಕ್ಕಿಂತ ಸೆಕೆಂಡಿಗೆ 3.75 ಮೀಟರು ಕಡಿಮೆಯಾಗಿರುತ್ತದೆ. ಉಳಿದ ಅಂತರವು ಸೆಕೆಂಡಿನ ಆರನೆಯ ಒಂದು ಪಾಲಿನಲ್ಲಿ ಇಲ್ಲವಾಗುವುದು. ಸೈಕಲ್ಲಿನ ಯಾವ ಬ್ರೇಕೂ ಇಷ್ಟರೊಳಗೆ ರಕ್ಷಿಸಲಾರದು. ಪಂದ್ಯದ ಗುಂಪಿನಲ್ಲಿ ಮರೆಯು ಸಾಧ್ಯವಾಗಿರುವುದು ಮುಂದಿನವನೂ ನಮ್ಮಂತೆಯೇ ಸೈಕಲ್ಲಿನವನಾದುದರಿಂದ, ತನ್ನ ಹಿಂದೆ ಜನರಿದ್ದಾರೆಂಬುದನ್ನು ಅರಿತು ಥಟ್ಟನೆ ಬ್ರೇಕು ಹಾಕದಿರುವುದರಿಂದ, ಮತ್ತು ರಸ್ತೆಯನ್ನು ಇತರ ವಾಹನಗಳಿಗೆ ಮುಚ್ಚಿರುವುದರಿಂದ. ಲಾರಿಯ ಚಾಲಕನಿಗೆ ಹಿಂದಿರುವ ಹುಡುಗನು ಕಾಣಿಸುವುದೇ ಇಲ್ಲ.

ಉಪಸಂಹಾರ

ಈವರೆಗೆ ಹೇಳಿದುದನ್ನು ಒಟ್ಟುಗೂಡಿಸೋಣ. ಯಶಸ್ವಿಯಾದ ಸ್ಪ್ರಿಂಟರ್‌ಗೆ ಹತ್ತು ಹನ್ನೆರಡು ಸೆಕೆಂಡು ಸಾವಿರ ವಾಟುಗಳನ್ನು ಕೊಡುವ ಸ್ನಾಯು ಬೇಕು. ಇದರಲ್ಲಿ ಹುಟ್ಟಿನ ಪಾಲು ಉಂಟು. ದಿನವಿಡೀ ತುಳಿದ ಮೇಲೂ ಆ ಸ್ನಾಯು ಉಳಿದಿರುವಂತೆ ಮಾಡುವ ದಮ್ಮು ಬೇಕು. ಇದು ಅಭ್ಯಾಸದಿಂದ ಬರುವುದು. ಬಾಗಿದ ಬೆನ್ನು, ಮರೆಯ ಜ್ಞಾನ, ಗಾಳಿಯ ಅರಿವು, ಕಾಯುವ ತಾಳ್ಮೆ, ನೇರವಾಗಿ ಓಡುವ ಸಂಯಮ ಬೇಕು. ಇವೆಲ್ಲವೂ ಕಲಿಕೆಯಿಂದ ಬರುವವು. ಕೊನೆಯದಾಗಿ, ತಮಗೆ ಗೆಲುವು ಬರದಿದ್ದರೂ ಅವನಿಗಾಗಿ ಗಾಳಿಯನ್ನು ಸೀಳುವ ಸಂಗಡಿಗರು ಬೇಕು. ಕಾಲಿನ ದಪ್ಪವನ್ನು ನೋಡಿ ತನಗೆ ಇದು ಸಾಧ್ಯವಿಲ್ಲವೆಂದು ಹಿಂಜರಿಯುವ ಹುಡುಗನಾಗಲಿ ಹುಡುಗಿಯಾಗಲಿ ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಮಹಿಳೆಯರ ಟೂರ್ ಡಿ ಫ್ರಾನ್ಸ್ 2022ರಲ್ಲಿ ಹೊಸದಾಗಿ ಆರಂಭವಾದಾಗ ಅದರ ಮೊದಲ ಹಂತವನ್ನು ಗೆದ್ದವರೂ ಹಾಲೆಂಡಿನ ಲೊರೇನ ವೀಬಸ್ ಎಂಬ ಸ್ಪ್ರಿಂಟರೇ. ಆಫ್ರಿಕದ ಎರಿಟ್ರಿಯ ದೇಶದ ಬಿನಿಯಮ್ ಗಿರ್ಮೆ 2024ರ ಜುಲೈ 1ರಂದು ಟ್ಯೂರಿನ್ನಿನಲ್ಲಿ ಗೆದ್ದು, ಟೂರ್ ಡಿ ಫ್ರಾನ್ಸ್‌ನ ಹಂತವನ್ನು ಗೆದ್ದ ಮೊದಲ ಕಪ್ಪು ಆಫ್ರಿಕನ್ನರಾದರು. ಆ ವರ್ಷ ಮೂರು ಹಂತಗಳನ್ನೂ ಹಸುರು ಅಂಗಿಯನ್ನೂ ಪಡೆದರು. ಯೂರೋಪಿನ ಹೊರಗಣ, ಶ್ರೀಮಂತವಲ್ಲದ ನಾಡೊಂದರಿಂದ ಇಂಥ ಸವಾರನು ಬರಬಲ್ಲನೆಂದರೆ, ವಿಜಯಪುರದಿಂದಲೋ ಹಾಸನದಿಂದಲೋ ಬರಬಾರದೆಂದು ಯಾವ ಭೌತನಿಯಮವೂ ಹೇಳುವುದಿಲ್ಲ.

ವಾಚಕರು ಎರಡು ಸಣ್ಣ ಲೆಕ್ಕಗಳನ್ನು ತಾವೇ ಮಾಡಿ ನೋಡಬಹುದು. ತಮ್ಮ ಸೈಕಲ್ಲಿನ ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳ ಹಲ್ಲುಗಳನ್ನು ಎಣಿಸಿ, ಗಾಲಿಯ ಸುತ್ತಳತೆಯನ್ನು ದಾರದಿಂದ ಅಳೆದು, ನಿಮಿಷಕ್ಕೆ 60 ಸುತ್ತು ತುಳಿದರೆ ದೊರೆಯುವ ವೇಗವೆಷ್ಟೆಂಬುದನ್ನು ಕಂಡುಹಿಡಿಯಲಿ. ಮುಂದೆ 44, ಹಿಂದೆ 18 ಹಲ್ಲುಗಳೂ 2.2 ಮೀಟರು ಸುತ್ತಳತೆಯೂ ಇದ್ದರೆ ಉತ್ತರವು ಗಂಟೆಗೆ ಸುಮಾರು 19 ಕಿಲೋಮೀಟರು ಬರಬೇಕು. ಬಳಿಕ, ಗಾಳಿಯಿಲ್ಲದ ದಿನ, ವಾಹನಗಳು ಬಾರದ ಮೈದಾನದಲ್ಲಿ, ಒಂದೇ ವೇಗಕ್ಕೆ ಬಂದು ತುಳಿಯುವುದನ್ನು ನಿಲ್ಲಿಸಿ, ಒಮ್ಮೆ ನೆಟ್ಟಗೆ ಕುಳಿತು, ಒಮ್ಮೆ ಬಾಗಿ ಕುಳಿತು ಸೈಕಲ್ಲು ಎಷ್ಟು ದೂರ ಉರುಳುವುದೆಂದು ಅಳೆಯಲಿ. ಎರಡು ದೂರಗಳಿಗೆ ಇರುವ ವ್ಯತ್ಯಾಸವೇ ಗಾಳಿಯು ವಸೂಲುಮಾಡುವ ತೆರಿಗೆಯ ರಸೀತಿ.